ಚೀಲದ ಮೇಲೆ ಊರಿನ ಹೆಸರಿಲ್ಲ

ನಮ್ಮ ಕುಂದಗೋಳದಿಂದ ದೂರದ ಸೀಮೆಗೆ ಹೋದದ್ದು ಮೂರು. ಒಂದು ಹತ್ತಿ, ಇನ್ನೊಂದು ಮೆಣಸಿನಕಾಯಿ, ಮತ್ತೊಂದು ಹಾಡು. ಮೂರೂ ಬೇರೆ ಹೆಸರು ಹೊತ್ತುಕೊಂಡೇ ಹೋದವು. ಹತ್ತಿ ಇಂಗ್ಲೆಂಡಿಗೆ ಹೋದದ್ದು ‘ಕುಮಟಾ’ ಎಂಬ ಹೆಸರಿನಲ್ಲಿ. ಕುಮಟೆಯಲ್ಲಿ ಇದ್ದದ್ದು ಬಂದರು, ಹತ್ತಿಯ ಹೊಲವಲ್ಲ. ಮೆಣಸಿನಕಾಯಿ ಹೋಗುವುದು ‘ಬ್ಯಾಡಗಿ’ ಎಂಬ ಹೆಸರಿನಲ್ಲಿ. ಬ್ಯಾಡಗಿಯಲ್ಲಿ ಪೇಟೆ ಇದೆ, ಹೊಲಗಳು ಸುತ್ತಲಿನ ತಾಲ್ಲೂಕುಗಳಲ್ಲಿ ಹರಡಿವೆ. ಇನ್ನು ಹಾಡು. ರಾಮಭಾವು ಕುಂದಗೋಳಕರ ಎಂದು ಹೆಸರಿನಲ್ಲೇ ಊರನ್ನು ಇಟ್ಟುಕೊಂಡಿದ್ದ ಗಾಯಕರು ಹೊರಗೆ ಸವಾಯಿ ಗಂಧರ್ವರಾದರು. ಅವರ ನೆನಪಿನ ದೊಡ್ಡ ಉತ್ಸವ 1953ರಿಂದ ನಡೆಯುವುದು ಪುಣೆಯಲ್ಲಿ. ಹಾಡಿನ ಬಗ್ಗೆ ನನ್ನ ತಕರಾರಿಲ್ಲ. ಗಡಿ ದಾಟುವಾಗ ಅದನ್ನು ಯಾರೂ ಚೀಲ ಬಿಚ್ಚಿ ನೋಡಲಿಲ್ಲ. ಉಳಿದೆರಡನ್ನು ಬಿಚ್ಚಿ ನೋಡಿದರು, ಈಗಲೂ ನೋಡುತ್ತಾರೆ. ಇವತ್ತು ಆ ಚೀಲ ಬಿಚ್ಚುವ ಮಾತನ್ನೇ ಆಡಬೇಕೆಂದಿದ್ದೇನೆ.

ಮೊದಲು ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿ ನಿಂತಿತು. ಗಿರಣಿಯವರು ಧಾರವಾಡದ ಕಡೆ ತಿರುಗಿ ನೋಡಿದರು. ಇಪ್ಪತ್ತು ವರ್ಷ ಮೊದಲೇ, 1840ರ ದಶಕದಲ್ಲಿ, ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಯುವವರನ್ನೇ ಕರೆಸಿ ನ್ಯೂ ಆರ್ಲಿಯನ್ಸಿನ ಬೀಜ ಬಿತ್ತಿಸಿತ್ತು. ಬೇರೆ ಕಡೆ ಬಹಳಮಟ್ಟಿಗೆ ಕೈಕೊಟ್ಟ ಆ ಬೀಜ ನಮ್ಮ ಕಪ್ಪು ಎರಿ ನೆಲದಲ್ಲಿ ಬೇರು ಬಿಟ್ಟಿತು. ‘ಧಾರವಾಡ ಅಮೆರಿಕನ್’ ಎಂದು ಅದಕ್ಕೆ ಹೆಸರೂ ಬಂತು. ಹಿಂದಿನಿಂದ ಬೆಳೆಯುತ್ತಿದ್ದ ದೇಶಿ ಹತ್ತಿಯೇ ‘ಕುಮಟಾ’.

ಆಗಿನ ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ. ಹುಬ್ಬಳ್ಳಿ ಸೀಮೆಯಿಂದ ಕುಮಟೆಗೆ ಸುಮಾರು ನೂರು ಮೈಲಿ. ಎತ್ತಿನ ಗಾಡಿ, ಕಾಡು, ಘಟ್ಟದ ಇಳಿಜಾರು. ಕುಮಟೆಯಿಂದ ಹಾಯಿ ಕಟ್ಟಿದ ಹಡಗಿನಲ್ಲಿ ಮುಂಬಯಿ. ಮುಂಬಯಿಯಿಂದ ಇಡೀ ಆಫ್ರಿಕಾ ಸುತ್ತಿ ಇಂಗ್ಲೆಂಡು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಇಷ್ಟು ದೂರ ಹೋದ ಅರಳೆ ಗಿರಣಿ ಮುಟ್ಟುವ ಹೊತ್ತಿಗೆ ಧೂಳು ತಿಂದಿರುತ್ತಿತ್ತು. ಆದರೂ ದಾರಿಯ ತೊಡಕು ಕಡೆಗೆ ಬಗೆಹರಿಯುವಂಥದು. ಘಟ್ಟಕ್ಕೆ ರಸ್ತೆ ಕಡಿದರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಬಂತು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಆ ಹಳಿಯ ಮೇಲೇ ನಮ್ಮ ಕುಂದಗೋಳ ಸ್ಟೇಷನ್ ಇದೆ. ಹತ್ತಿ ಗಾಡಿ ಇಳಿದು ಡಬ್ಬಿ ಏರಿತು. ಕುಮಟೆಯ ಬಂದರು ಸೊರಗಿತು. ಹತ್ತಿಯ ಹೆಸರು ಮಾತ್ರ ಕುಮಟಾ ಎಂದೇ ಉಳಿಯಿತು.

ಬಗೆಹರಿಯದ ತೊಡಕು ಅಂಡಿಗೆಯ ಒಳಗಿತ್ತು. ಅರಳೆಯಲ್ಲಿ ಬೀಜ ಉಳಿಸುವುದು, ಮಣ್ಣು ಸೇರಿಸುವುದು, ತೂಕಕ್ಕೆ ನೀರು ಚಿಮುಕಿಸುವುದು, ಅಮೆರಿಕನ್ ಹತ್ತಿಯಲ್ಲಿ ಕುಮಟಾ ಬೆರೆಸುವುದು. ಲಿವರ್‌ಪೂಲಿನಲ್ಲಿ ಅಂಡಿಗೆ ಬಿಚ್ಚಿದವರು ಬೈದು ಕಾಗದ ಬರೆದರು. ಮುಂಬಯಿ ಸರ್ಕಾರ ಇದಕ್ಕೆ 1829ರಲ್ಲೇ ಒಂದು ಕಾಯ್ದೆ ಮಾಡಿತ್ತು. ಸಾಲದೆ 1863ರಲ್ಲಿ ಹತ್ತಿ ಮೋಸದ ಕಾಯ್ದೆ ಎಂದೇ ಇನ್ನೊಂದು ಬಿಗಿಯಾದದ್ದು ಬಂತು. ತಪಾಸಣೆಗೆ ಇನ್‌ಸ್ಪೆಕ್ಟರರೂ ಬಂದರು. ನಮ್ಮ ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, 1948ರವರೆಗೂ ಹಾಗೇ ಇತ್ತು. ಸುತ್ತ ಬ್ರಿಟಿಷ್ ಧಾರವಾಡ, ನಡುವೆ ಸಂಸ್ಥಾನದ ತುಂಡು. ಒಂದೇ ಎರಿಯ ಮೇಲೆ ಎರಡು ಸರ್ಕಾರ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಇದರಿಂದ ತಲೆನೋವು ಕಡಿಮೆಯಂತೂ ಆಗಿರಲಿಕ್ಕಿಲ್ಲ!

ಕಾಯ್ದೆ ಬಂದರೂ ಕಲಬೆರಕೆ ನಿಲ್ಲಲಿಲ್ಲ. ದಂಡದ ಭಯ ಇತ್ತು. ಚೊಕ್ಕ ಅರಳೆ ತಂದವನಿಗೆ ನಾಲ್ಕು ದುಡ್ಡು ಹೆಚ್ಚು ಸಿಗುವ ಏರ್ಪಾಡು ಇರಲಿಲ್ಲ. ಬೆಳೆಯುವವನು ಸಾಹುಕಾರನ ಸಾಲದಲ್ಲಿದ್ದ. ಎಷ್ಟೋ ಸಲ ಬೆಳೆ ಹೊಲದಲ್ಲಿರುವಾಗಲೇ ಪರರದಾಗಿರುತ್ತಿತ್ತು. ಚೊಕ್ಕದಕ್ಕೂ ಕೊಳಕಿಗೂ ಒಂದೇ ದರ ಎಂದಾದ ಮೇಲೆ ಚೊಕ್ಕ ಮಾಡಲು ದಿನ ಕಳೆಯುವವನು ದಡ್ಡನೇ ಆಗಬೇಕು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮೆಣಸಿನಕಾಯಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಮೆಣಸಿನಕಾಯಿಯೂ ಪರದೇಶದ ಗಿಡವೇ. ಅಮೆರಿಕ ಖಂಡದ್ದು, ಪೋರ್ಚುಗೀಜರ ಹಡಗಿನಲ್ಲಿ ಬಂದದ್ದು. ನಮ್ಮ ರೈತರು ಈ ಇಬ್ಬರು ಅತಿಥಿಗಳನ್ನೂ ಒಂದೇ ಹೊಲದಲ್ಲಿ ಕೂರಿಸಿದರು. ಕುಂದಗೋಳ, ಹುಬ್ಬಳ್ಳಿ, ಶಿಗ್ಗಾವಿ ಕಡೆಯ ಮಳೆಯಾಶ್ರಿತ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ, ಉಳ್ಳಾಗಡ್ಡಿ ಮೂರೂ ಒಟ್ಟಿಗೆ ಬೆಳೆಯುವುದು ಹಳೆಯ ರೂಢಿ. ಉಳ್ಳಾಗಡ್ಡಿ ಮೊದಲು ಕೈಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ, ಕಡೆಗೆ ಹತ್ತಿ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಬ್ಯಾಡಗಿ ಕಾಯಿಯ ಗುಣ ನಿಮಗೆ ನಾನು ಹೇಳಬೇಕಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು. ತೆಳ್ಳಗೆ, ಉದ್ದಕ್ಕೆ, ಮೈತುಂಬ ಸುಕ್ಕಾಗಿದ್ದರೆ ಕಡ್ಡಿ. ಗಿಡ್ಡಗೆ, ದಪ್ಪಗೆ, ಬೀಜ ತುಂಬಿಕೊಂಡಿದ್ದರೆ ಡಬ್ಬಿ. ಸಾರಿನಲ್ಲಿ ಎರಡು ಕಾಯಿ ಹೆಚ್ಚು ಬಿದ್ದರೂ ಕಣ್ಣಲ್ಲಿ ನೀರು ಬರುವುದಿಲ್ಲ, ಪಾತ್ರೆ ಮಾತ್ರ ಕುಂಕುಮವಾಗುತ್ತದೆ. ಹೊರದೇಶದವರಿಗೆ ಬೇಕಾದದ್ದೂ ಈ ಬಣ್ಣವೇ. ಕಾಯಿಯಿಂದ ಎಣ್ಣೆಯಂಥ ಗಟ್ಟಿ ಸಾರ ತೆಗೆಯುತ್ತಾರೆ. ಓಲಿಯೋರೆಸಿನ್ ಎಂದು ಅದಕ್ಕೆ ಹೆಸರು. ಯುರೋಪಿನ ತಿಂಡಿ ಪೊಟ್ಟಣದ ಹಿಂದೆ ‘ಇ 160 ಸಿ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದ್ದರೆ ಅದು ಮೆಣಸಿನಕಾಯಿಯ ಬಣ್ಣ. ಕುಂದಗೋಳದ ಎರಿ ಹೊಲದ ಕೆಂಪು ಅಂಥ ಯಾವುದೋ ಪೊಟ್ಟಣದಲ್ಲಿ ಕುಳಿತಿರಬಹುದು. ಅಲ್ಲಿ ಅದಕ್ಕೆ ಊರು ಹೋಗಲಿ, ಹೆಸರೂ ಇಲ್ಲ, ಒಂದು ನಂಬರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಹೆಸರಿಗೆ ಕಾವಲು ಸಿಕ್ಕ ಮಾತ್ರಕ್ಕೆ ಚೀಲಕ್ಕೆ ದಾರಿ ತೆರೆಯುವುದಿಲ್ಲ.

ಆ ದಾರಿ ಹೇಗೆ ಮುಚ್ಚಿತ್ತೆಂದು ನೋಡಿ. 2003ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಭಾರತದಿಂದ ಹೋದ ಖಾರದ ಪುಡಿಯ ಪದಾರ್ಥದಲ್ಲಿ ಸೂಡಾನ್ ಒಂದು ಎಂಬ ಬಣ್ಣ ಸಿಕ್ಕಿತು. ಅದು ಮೇಣಕ್ಕೆ, ಎಣ್ಣೆಗೆ, ಬೂಟು ಪಾಲೀಶಿಗೆ ಹಾಕುವ ಬಣ್ಣ, ಬಾಯಿಗೆ ಹಾಕುವುದಲ್ಲ. ಖಾರದ ಪುಡಿ ಬೆಳಕಿಗೆ, ಗಾಳಿಗೆ ಬಿಳಿಚಿಕೊಳ್ಳುತ್ತದೆ. ಬಣ್ಣ ಇಳಿದರೆ ದರ ಇಳಿಯುತ್ತದೆ. ಯಾರೋ ಅದನ್ನು ಮೇಲೆತ್ತುವ ಅಡ್ಡದಾರಿ ಹಿಡಿದಿದ್ದರು. ಜೂನ್ ತಿಂಗಳಲ್ಲೇ ಯುರೋಪಿಯನ್ ಒಕ್ಕೂಟ ತುರ್ತು ಆಜ್ಞೆ ಹೊರಡಿಸಿತು: ಈ ಬಣ್ಣ ಇಲ್ಲವೆಂಬ ಪರೀಕ್ಷೆಯ ಪತ್ರ ಇಲ್ಲದ ಖಾರದ ಪುಡಿ ಒಳಗೆ ಬರಕೂಡದು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೂ ಮೊದಲೇ ಒಳಗೆ ಹೋಗಿದ್ದ ಪುಡಿ ಇಂಗ್ಲೆಂಡಿನ ಒಂದು ಸಾಸಿನಲ್ಲಿ ಸೇರಿ, ಆ ಸಾಸು ನೂರಾರು ತಿನಿಸುಗಳಲ್ಲಿ ಸೇರಿ, 2005ರ ಫೆಬ್ರವರಿಯಲ್ಲಿ ಅಲ್ಲಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ಪದಾರ್ಥಗಳನ್ನು ವಾಪಸು ತೆಗೆಯಬೇಕಾಯಿತು. ಬಣ್ಣವೇ ಬಂಡವಾಳವಾದ ಬ್ಯಾಡಗಿ ಕಾಯಿಗೆ ಮೇಲುಬಣ್ಣದ ಹಂಗೇಕೆ? ಆದರೂ ಅನುಮಾನ ಬಿದ್ದದ್ದು ಎಲ್ಲ ಚೀಲಗಳ ಮೇಲೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಸಾಂಬಾರ ಪದಾರ್ಥಗಳ ಮಂಡಳಿ ಅಂದಿನಿಂದ ಹೊರಹೋಗುವ ಮೆಣಸಿನಕಾಯಿಗೆ ಪರೀಕ್ಷೆ ಕಡ್ಡಾಯ ಮಾಡಿತು.

ಸೂಡಾನ್ ಬಣ್ಣ ಬೆರೆಸಬೇಕಾದರೆ ಒಬ್ಬ ಮೋಸಗಾರ ಬೇಕು. ಎರಡನೆಯ ತೊಡಕಿಗೆ ಮೋಸಗಾರನೂ ಬೇಕಿಲ್ಲ, ಒಂದು ರಾತ್ರಿಯ ಇಬ್ಬನಿ ಸಾಕು. ಗಿಡದಿಂದ ಬಿಡಿಸಿದ ಹಸಿ ಕೆಂಪು ಕಾಯಿಯನ್ನು ಬಣ್ಣ ಒಂದೇ ಸಮ ಬರಲೆಂದು ಒಂದೆರಡು ದಿನ ಗುಡ್ಡೆ ಹಾಕುತ್ತಾರೆ. ಆಮೇಲೆ ಕಣದಲ್ಲಿ ಹರಡುತ್ತಾರೆ. ನೆಲ ಮಣ್ಣಿನದು, ಹಗಲು ಬಿಸಿಲು, ರಾತ್ರಿ ಇಬ್ಬನಿ, ನಡುವೆ ಮೋಡ ಬಂದರೆ ನಾಲ್ಕು ಹನಿ. ಒಣಗಿದ ಕಾಯಿ ತುಂಬುವಾಗ ಪುಡಿಯಾಗಬಾರದೆಂದು ಮೇಲೆ ನೀರು ಚಿಮುಕಿಸುವ ರೂಢಿ. ಅದರಿಂದ ತೂಕವೂ ಒಂದಿಷ್ಟು ಏರುತ್ತದೆಂಬುದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಹತ್ತಿಯ ಅಂಡಿಗೆಗೆ ಹೊಡೆದ ನೀರೇ ಮೆಣಸಿನಕಾಯಿ ಚೀಲಕ್ಕೂ ಬಂತು! ಆ ತೇವದಲ್ಲಿ ಬೂಷ್ಟು ಹುಟ್ಟುತ್ತದೆ. ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಒಗ್ಗರಣೆಯ ಬಿಸಿಗೂ ಪೂರ್ತಿ ಸಾಯದು. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಪಿತ್ತಜನಕಾಂಗಕ್ಕೆ ಕೆಡುಕು.

ಯುರೋಪಿನ ಮಿತಿ ಎಷ್ಟೆಂದರೆ, ಒಂದು ಕಿಲೋ ಮೆಣಸಿನಕಾಯಿಯಲ್ಲಿ ಈ ವಿಷದ ಬಿ-1 ಎಂಬ ಬಗೆ 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ 10 ಮೈಕ್ರೋಗ್ರಾಂ. ಹೀಗೆ ಹೇಳಿದರೆ ನಮಗೆ ತಿಳಿಯುವುದಿಲ್ಲ. ಲಾರಿಯ ಲೆಕ್ಕ ಹೇಳುತ್ತೇನೆ. ಹತ್ತು ಟನ್ ಹೊರುವ ನೂರು ಲಾರಿಗಳನ್ನು ಕುಂದಗೋಳದಿಂದ ಹುಬ್ಬಳ್ಳಿ ರಸ್ತೆಯಲ್ಲಿ ಸಾಲಾಗಿ ನಿಲ್ಲಿಸಿ. ನೂರರಲ್ಲೂ ಮೆಣಸಿನಕಾಯಿ ತುಂಬಿ. ಅಷ್ಟರಲ್ಲೂ ಸೇರಿ ಬಿ-1 ವಿಷ ಐದು ಗ್ರಾಂ ಇರಬಹುದು, ಒಂದು ಚಹಾ ಚಮಚದಷ್ಟು. ಅದಕ್ಕಿಂತ ಹೆಚ್ಚಾದರೆ ವಾಪಸು. ಇದರಲ್ಲಿ ಇನ್ನೊಂದು ಪೇಚಿದೆ. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ನೂರು ಕಾಯಿ ಚೊಕ್ಕ, ಒಂದರ ಹೊಟ್ಟೆಯಲ್ಲಿ ಎಲ್ಲ ವಿಷ. ನಮ್ಮಲ್ಲಿ ತೆಗೆದ ಸ್ಯಾಂಪಲ್ಲಿಗೆ ಆ ಕಾಯಿ ಸಿಗದೆ ಪಾಸಾಗಬಹುದು, ಅಲ್ಲಿನ ಬಂದರಿನಲ್ಲಿ ತೆಗೆದ ಹಿಡಿಯಲ್ಲಿ ಅದೇ ಕಾಯಿ ಸಿಕ್ಕಿ ಫೇಲಾಗಬಹುದು. ಎರಡು ಪ್ರಯೋಗಾಲಯಗಳೂ ಸುಳ್ಳು ಹೇಳಿರುವುದಿಲ್ಲ.

ಮೂರನೆಯದು ಔಷಧಿ ಹೊಡೆಯುವ ವಿಚಾರ. ನಾವು ಅದನ್ನು ‘ಎಣ್ಣಿ ಹೊಡೆಯುವುದು’ ಎನ್ನುತ್ತೇವೆ. 2021ರ ಸುಮಾರಿಗೆ ಕಪ್ಪು ಥ್ರಿಪ್ಸ್ ನುಸಿ ತೆಲುಗು ಸೀಮೆಯಲ್ಲೂ ನಮ್ಮಲ್ಲೂ ಹೂವಿಗೆ ಮುತ್ತಿದಾಗ ರೈತರು ಸಿಕ್ಕಿದ್ದನ್ನೆಲ್ಲ ಹೊಡೆದರು. ತಪ್ಪೆನ್ನಲಾರೆ, ಹೂವು ಉದುರುವುದನ್ನು ನೋಡುತ್ತ ಸುಮ್ಮನೆ ಕೂರುವುದು ಯಾರಿಂದಾದೀತು? ಆದರೆ ಹಸಿಕಾಯಿಯ ಮೇಲೆ ಉಳಿದ ಎಣ್ಣೆ, ಕಾಯಿ ಒಣಗಿ ಹಗುರಾದ ಮೇಲೆ ತೂಕದ ಲೆಕ್ಕದಲ್ಲಿ ಎಷ್ಟೋ ಪಟ್ಟು ದಟ್ಟವಾಗುತ್ತದೆ. ಯುರೋಪಿನಲ್ಲಿ ಮಿತಿ ಗೊತ್ತುಮಾಡದ ಔಷಧಿಗೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಎಂಬ ಗೆರೆ. ಟ್ರಯಾಜೋಫಾಸಿನಂಥದ್ದನ್ನು 2020ರ ಕೊನೆಗೆ ನಮ್ಮ ದೇಶವೇ ನಿಲ್ಲಿಸಿತು. ಇನ್ನು ನಮ್ಮ ಮಿಶ್ರಬೆಳೆಯ ಹೊಲ. ಹತ್ತಿಯ ಹುಳಕ್ಕೆಂದು ಹೊಡೆದದ್ದು ಪಕ್ಕದ ಸಾಲಿನ ಮೆಣಸಿನಗಿಡದ ಮೇಲೂ ಬೀಳುತ್ತದೆ. ಹತ್ತಿಯನ್ನು ಯಾರೂ ತಿನ್ನುವುದಿಲ್ಲ, ಮೆಣಸಿನಕಾಯಿಯನ್ನು ತಿನ್ನುತ್ತಾರೆ. ಅಜ್ಜಂದಿರು ಮಳೆಯ ಭಯಕ್ಕೆ ಕಟ್ಟಿದ ಜಾಣತನದ ಪದ್ಧತಿ ಇದು. ಪ್ರಯೋಗಾಲಯದ ಯಂತ್ರದ ಮುಂದೆ ಅದೇ ತಪ್ಪಾಗಿ ನಿಂತಿದೆ.

ಇಷ್ಟು ಕೇಳಿ ಕೆಲವರಿಗೆ ಸಿಟ್ಟು ಬರುತ್ತದೆ. “ಇದೆಲ್ಲ ನಮ್ಮ ಸರಕು ತಡಿಯಾಕ ಹೂಡಿದ ಆಟ” ಎನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ವಿಶ್ವಬ್ಯಾಂಕಿನ ಮೂವರು ಅರ್ಥಶಾಸ್ತ್ರಜ್ಞರು 2001ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಯುರೋಪಿನ ಬಿಗಿಯಾದ ಅಫ್ಲಾಟಾಕ್ಸಿನ್ ಮಿತಿಯಿಂದ ಒಂಬತ್ತು ಆಫ್ರಿಕನ್ ದೇಶಗಳ ಕಾಳುಕಡಿ, ಒಣಹಣ್ಣು, ಬೀಜಗಳ ರಫ್ತಿಗೆ ವರ್ಷಕ್ಕೆ 67 ಕೋಟಿ ಡಾಲರಿನಷ್ಟು ಹೊಡೆತ. ಅಂತರರಾಷ್ಟ್ರೀಯ ಮಿತಿಯನ್ನು ಬಿಟ್ಟು ಇಷ್ಟು ಬಿಗಿ ಮಾಡಿದ್ದರಿಂದ ಉಳಿಯುವ ಜೀವ ವರ್ಷಕ್ಕೆ ನೂರು ಕೋಟಿ ಜನರಲ್ಲಿ ಎರಡಕ್ಕಿಂತ ಕಡಿಮೆ. ಆ ಲೆಕ್ಕ ಓದಿದಾಗ ನನಗೂ ಸಿಟ್ಟು ಬಂದಿತ್ತು. ಸುಂಕದ ಗೋಡೆ ಕಣ್ಣಿಗೆ ಕಾಣುತ್ತದೆ. 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲೆ ಶೇಕಡಾ 50 ಹೇರಿದಾಗ ಇಡೀ ದೇಶ ಮಾತಾಡಿತು. ಮೈಕ್ರೋಗ್ರಾಮಿನ ಗೋಡೆಯ ಬಗ್ಗೆ ಯಾರೂ ಮೆರವಣಿಗೆ ತೆಗೆಯುವುದಿಲ್ಲ.

ಆದರೆ ಸಿಟ್ಟು ಇಳಿದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಲ್ಲಿ ಬೇಡವಾದ ಕಾಯಿ ಎಲ್ಲಿಗೆ ಹೋಗುತ್ತದೆ? ಚೀನಾ ನಮ್ಮ ದೊಡ್ಡ ಗಿರಾಕಿ, ಬಾಂಗ್ಲಾದೇಶವೂ ಕೊಳ್ಳುತ್ತದೆ. ಉಳಿದದ್ದು? ಎಲ್ಲವನ್ನೂ ಸುಡುತ್ತಾರೆಂದು ನಂಬುವಷ್ಟು ನಾನು ಮುಗ್ಧನಲ್ಲ. ನಮ್ಮ ದೇಶದ ಮಿತಿ ಅವರದಕ್ಕಿಂತ ಸಡಿಲ. ಲಂಡನ್ನಿನ ಮಗುವಿನ ಹೊಟ್ಟೆಗೆ ಆಗದ್ದು ಹುಬ್ಬಳ್ಳಿಯ ಮಗುವಿನ ಹೊಟ್ಟೆಗೆ ಆಗುತ್ತದೆಂದು ಯಾವ ವೈದ್ಯರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಪೇಟೆಗೆ ಬರೋಣ. ಗೋಡೆ ಶುರುವಾಗುವುದು ಬಂದರಿನಲ್ಲಲ್ಲ, ಬ್ಯಾಡಗಿಯಲ್ಲೋ ಹುಬ್ಬಳ್ಳಿಯ ಅಮರಗೋಳದಲ್ಲೋ ದಲಾಲಿ ಅಂಗಡಿಯ ಮುಂದೆ ಎಂಬುದು ನನ್ನ ಅಭಿಪ್ರಾಯ. ಲಾಟ್ ಲಾಟಾಗಿ ಚೀಲ ಬಿಚ್ಚಿಟ್ಟಿರುತ್ತಾರೆ. ಖರೀದಿದಾರರು ಬರುತ್ತಾರೆ. ಒಂದು ಹಿಡಿ ಎತ್ತುತ್ತಾರೆ, ಬಣ್ಣ ನೋಡುತ್ತಾರೆ, ಸುಕ್ಕು ನೋಡುತ್ತಾರೆ, ಮುರಿದು ನೋಡಿ ಹಸಿ ಎಷ್ಟೆಂದು ಅಂದಾಜು ಕಟ್ಟುತ್ತಾರೆ, ಟೆಂಡರ್ ಹಾಕುತ್ತಾರೆ. ಪಳಗಿದ ಕೈ, ಪಳಗಿದ ಕಣ್ಣು. ಆ ಜಾಣತನಕ್ಕೆ ನನ್ನ ನಮಸ್ಕಾರ. ಆದರೆ ಪರದೇಶದ ಗಿರಾಕಿ ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ, ಬಣ್ಣದ ಪ್ರಶ್ನೆಗೆ, ಮಾತ್ರ ಈ ಕಣ್ಣು ಉತ್ತರ ಕೊಡಬಲ್ಲದು. ಬೂಷ್ಟಿನ ವಿಷವನ್ನಾಗಲಿ ಎಣ್ಣೆಯ ಉಳಿಕೆಯನ್ನಾಗಲಿ ಅದು ಕಾಣಲಾರದು. ಹೀಗಾಗಿ ಕಾಣದ್ದಕ್ಕೆ ದರವಿಲ್ಲ. ದರ ನಿಂತ ಮೇಲೆ ಹತ್ತೂರಿನ ಕಾಯಿ ಒಂದು ರಾಶಿಯಾಗುತ್ತದೆ, ಹೆಂಗಸರು ಕೂತು ತೊಟ್ಟು ತೆಗೆಯುತ್ತಾರೆ, ಬಿಳಿಗಾಯಿ ಆರಿಸುತ್ತಾರೆ, ಚೀಲ ಹೊಲಿಯುತ್ತಾರೆ. ಅಲ್ಲಿಗೆ ಕುಂದಗೋಳ, ಸಂಶಿ, ಗುಡಗೇರಿ ಎಲ್ಲ ಕರಗಿ ಬ್ಯಾಡಗಿಯಾಗುತ್ತವೆ. ಮೂರು ತಿಂಗಳ ಮೇಲೆ ಯಾವುದೋ ಬಂದರಿನಲ್ಲಿ ಆ ಕಂಟೇನರ್ ಫೇಲಾದರೆ ಯಾರ ಕಣದ ಕಾಯಿ ಎಂದು ಹುಡುಕಲು ದಾರಿಯಿಲ್ಲ. ರೈತನಿಗೆ ತಲುಪುವುದು ಮುಂದಿನ ವಾರದ ಇಳಿದ ದರ ಮಾತ್ರ. ಕಾರಣ ತಲುಪುವುದಿಲ್ಲ.

ಕಾರಣ ತಿಳಿಯದೆ ದರ ಬಿದ್ದಾಗ ಏನಾಗುತ್ತದೆಂದು 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ನೋಡಿದೆವು. ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು, ವಾಹನಗಳು ಸುಟ್ಟವು.

ಬೇರೆ ದಾರಿ ಇಲ್ಲವೆಂದಲ್ಲ. ಸಾರ ತೆಗೆಯುವ ಕೆಲವು ಕಂಪನಿಗಳು ಆಯ್ದ ಊರುಗಳ ರೈತರ ಜೊತೆ ಮೊದಲೇ ಮಾತಾಡಿಕೊಂಡು, ಯಾವ ಔಷಧಿ ಎಂದು ಹೊಡೆದರೆಂದು ಪುಸ್ತಕದಲ್ಲಿ ಬರೆಸಿ, ಕಾಯಿಯನ್ನು ಬೇರೆ ಇಟ್ಟು ನೇರವಾಗಿ ಕೊಳ್ಳುತ್ತವೆ. ಅಲ್ಲಿ ಚೀಲಕ್ಕೆ ಊರಿದೆ, ಹೊಲವಿದೆ. ಒಬ್ಬನೇ ರೈತ ಹತ್ತು ಚೀಲ ಇಟ್ಟುಕೊಂಡು ಪ್ರಯೋಗಾಲಯದ ಖರ್ಚು ಹೊರಲಾರ; ಐವತ್ತು ಮನೆ ಒಂದೇ ಬಗೆಯಲ್ಲಿ ಒಣಗಿಸಿ ಒಂದೇ ಲಾಟ್ ಮಾಡಿದರೆ ಹೊರಬಲ್ಲವು. ಲಾಟಿನ ಮುಂದೆ ಬಣ್ಣದ ಜೊತೆ ಪರೀಕ್ಷೆಯ ಚೀಟಿಯೂ ಇದ್ದರೆ ಟೆಂಡರ್ ಹಾಕುವ ಕೈ ಬೇರೆ ಅಂಕಿ ಬರೆದೀತು. ಇದು ಬರಿಯ ಪೇಟೆಯ ಕೆಲಸ, ವಿಜ್ಞಾನದ ಕೆಲಸವಲ್ಲ. ಯಾಕೆಂದರೆ ವಿಜ್ಞಾನ ಎಲ್ಲರಿಗೂ ಗೊತ್ತೇ ಇದೆ. ತಾಡಪತ್ರಿ ಹಾಸಿ ಒಣಗಿಸಬೇಕು, ಸಂಜೆ ಮುಚ್ಚಬೇಕು, ನೀರು ಹೊಡೆಯಬಾರದು. ಕೃಷಿ ವಿಶ್ವವಿದ್ಯಾಲಯದವರು ಹೇಳಿದ್ದಾರೆ, ಆಕಾಶವಾಣಿಯ ಕೃಷಿರಂಗದಲ್ಲಿ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ.

ಹೋದ ಸುಗ್ಗಿಯಲ್ಲಿ ನಾನೂ ದೊಡ್ಡ ಮನುಷ್ಯನ ಹಾಗೆ ನಮ್ಮ ಓಣಿಯ ಒಬ್ಬ ಅಕ್ಕನಿಗೆ ಈ ಉಪದೇಶ ಮಾಡಿದೆ. ಆಕೆ ಕಾಯಿ ತಿರುವಿ ಹಾಕುತ್ತಲೇ ಹೇಳಿದಳು: “ತಾಡಪತ್ರಿ ಮ್ಯಾಲ ಒಣಗಿಸಿದ್ದಕ್ಕ ಚೀಲಕ್ಕ ನೂರು ರೂಪಾಯಿ ಜಾಸ್ತಿ ಕೊಡತಾರೇನು ತಮ್ಮಾ? ಪ್ಯಾಟ್ಯಾಗ ಕೇಳಿ ಬಾ ಹೋಗು.” ಹೋಗಿ ಕೇಳಿದೆ. ಅಂಗಡಿಯವರು ನಕ್ಕರು. “ಸರ್ರ, ಬಣ್ಣ ಐತೇನು, ಸುಕ್ಕು ಐತೇನು ನೋಡತೀವಿ. ಎದರ ಮ್ಯಾಲ ಒಣಗಿಸ್ಯಾರಂತ ಕಾಯಿ ಬಾಯಿಬಿಟ್ಟು ಹೇಳತೈತೇನ್ರಿ?” ಬಂದು ಅಕ್ಕನಿಗೆ ಹೇಳಿದೆ. ಆಕೆ ಏನೂ ಅನ್ನಲಿಲ್ಲ.

ಈ ಸಲ ಜನವರಿಯಲ್ಲಿ ಅದೇ ಕಣದ ಮುಂದೆ ಹಾಯ್ದು ಹೋಗುವಾಗ ನೋಡಿದೆ. ಅಂಗಳದ ತುಂಬ ಕೆಂಪು. ಒಂದು ಮೂಲೆಯಲ್ಲಿ ನೀಲಿ ತಾಡಪತ್ರಿ, ಅದರ ಮೇಲೆ ನಾಲ್ಕೈದು ಬುಟ್ಟಿಯಷ್ಟು ಕಾಯಿ, ತೆಳ್ಳಗೆ ಹರಡಿದ್ದು. ನನಗೆ ಖುಷಿಯಾಯಿತು. “ಅಕ್ಕಾರ, ತಾಡಪತ್ರಿ ಹಾಸೀರಲ್ರಿ!” ಎಂದೆ. ಆಕೆ ಮೊದಲು ಮೂಲೆಯ ಕಡೆ ಕೈ ತೋರಿಸಿದಳು, ಆಮೇಲೆ ಮಣ್ಣಿನ ಮೇಲಿದ್ದ ದೊಡ್ಡ ರಾಶಿಯ ಕಡೆ.

“ಇದು ಮನೀದು. ಅದು ಪ್ಯಾಟೀದು.”